ಗೋಡೆ ನೋಡಿ ದೋಣಿ ಇಳಿಸುವುದು

ನಮ್ಮ ಮನೆಯ ಸೂರಿಗೆ ಕಟ್ಟಿದ್ದ ತಗಡಿನ ದೋಣಿಯನ್ನು ಮಾಡಿದವರು ನನ್ನ ಯಜಮಾನರು. ಹೆಂಚಿನಿಂದ ಇಳಿಯುವ ಮಳೆನೀರು ಮಣ್ಣಿನ ಗೋಡೆಗೆ ಬೀಳದಂತೆ ಹಿಡಿದು ಹಿತ್ತಲಿನ ತೊಟ್ಟಿಗೆ ಸಾಗಿಸುವ ದೋಣಿ ಅದು. ಹಳೆಯ ಎಣ್ಣೆ ಡ್ರಮ್ಮು ಸೀಳಿ, ಜಗುಲಿಯ ಮೇಲೆ ಕೂತು ತಟ್ಟಿ ತಟ್ಟಿ ಬಗ್ಗಿಸಿದ್ದರು. ಪ್ರತಿ ಮುಂಗಾರಿಗೆ ಮುಂಚೆ ಅದರ ತೂತುಗಳಿಗೆ ಡಾಂಬರು ಮೆತ್ತುತ್ತಿದ್ದರು. ಇದನ್ನು ಬದಲಾಯಿಸೋದು ಯಾವಾಗ ಎಂದು ನಾನು ರೇಗಿದರೆ ಅವರದು ಒಂದೇ ಉತ್ತರ.

"ದೋಣಿ ನೋಡ್ಬ್ಯಾಡ ಕಣಮ್ಮಿ, ಗೋಡ ನೋಡು. ಗೋಡ ನೆನಿಯೋಗಂಟ ದೋಣಿಗ ಏನೂ ಆಗಿಲ್ಲ ಅಂತ್ಲೇ ಲೆಕ್ಕ."

ಹೋದ ವರ್ಷ ರಾಗಿ ಕುಯ್ಲಿನ ಹೊತ್ತಿಗೆ ಹೊಲದಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮೇಲೇಳಲಿಲ್ಲ. ಬಂದವರೆಲ್ಲ ಅತ್ತರು. ನಾನು ಅವರಿಗೆ ಟೀ ಕಾಸಿದೆ. ಗೆಟ್ಟವಾಡಿಯಿಂದ ಬಂದ ನಾದಿನಿ, ಇವಳ ಕಣ್ಣಲ್ಲಿ ಒಂದು ತೊಟ್ಟು ನೀರಿಲ್ಲವಲ್ಲ ಎಂದು ನನಗೆ ಕೇಳಿಸುವಂತೆಯೇ ಅಂದಳು. ಬೇರೆ ಕಾಲವಾಗಿದ್ದರೆ ಅವಳ ಗ್ರಹಚಾರ ಬಿಡಿಸುತ್ತಿದ್ದೆ. ಅವತ್ತು ಸಿಟ್ಟೂ ಬರಲಿಲ್ಲ. ಸಕ್ಕರೆ ಸಾಕಾ ಅಂತ ಕೇಳಿದೆ.

ಆಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ಹಾಲು ಕರೆದೆ, ಡೈರಿಗೆ ಹಾಕಿದೆ, ಮುಸುರೆ ತಿಕ್ಕಿದೆ. ಮೈ ಕೆಲಸ ಮಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಅತ್ತೆ ಮಾತ್ರ ಮೊದಲ ಮಳೆ ಬಿದ್ದಾಗಿನಿಂದ ಪ್ರತಿ ಸೋಮವಾರ, ಶಿವಪೂಜೆಗೆ ಮುಂಚೆ, ಕೆಮ್ಮಣ್ಣಿಗೆ ಸಗಣಿ ಕಲಸಿ ತಾವು ಮಲಗುವ ಕೋಣೆಯ ಗೋಡೆ ಬಳಿಯತೊಡಗಿದರು. ನಮ್ಮ ಕಡೆ ನೆಲವನ್ನಾದರೆ ವಾರವಾರ ಸಾರಿಸುತ್ತೇವೆ, ಗೋಡೆಗೆ ಕೈ ಹಾಕುವುದು ಹಬ್ಬಕ್ಕೆ. ಮಗನನ್ನು ಕಳೆದುಕೊಂಡ ಜೀವ, ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಮುಂಗಾರು ಬಂತು. ದೋಣಿ ಮೊದಲಿನ ಹಾಗೇ ಬಡಬಡ ಸದ್ದು ಮಾಡಿತು. ಯಜಮಾನರು ಹೇಳಿದ್ದಂತೆ ಗೋಡೆ ನೋಡಿದೆ. ಕೆಂಪಗೆ, ಒಪ್ಪವಾಗಿತ್ತು. ದೋಣಿಯ ಯೋಚನೆ ಬಿಟ್ಟೆ.

ಹಿಂಗಾರು ಹಿಡಿದಿತ್ತು. ವರ್ಷದ ಪೂಜೆಗೆಂದು ಅವರ ಫೋಟೋಗೆ ಕಟ್ಟು ಹಾಕಿಸಿ ತಾಳವಾಡಿಯಿಂದ ತಂದೆ. ಅತ್ತೆಯ ಮಂಚದ ತಲೆದೆಸೆಗೆ ತೂಗುಹಾಕೋಣವೆಂದು ಗೋಡೆಗೆ ಮೊಳೆ ಇಟ್ಟರೆ, ಸುತ್ತಿಗೆ ಎತ್ತುವ ಮೊದಲೇ ಅದು ಬಿಸಿ ಮುದ್ದೆಗೆ ಬೆರಳು ಹೋದಂತೆ ಒಳಗೆ ಹೋಯಿತು. ಅಂಗೈಯಿಂದ ಒತ್ತಿದೆ. ಒಂದು ಹಿಡಿ ಗೋಡೆ ಮಂಚದ ಮೇಲೆ ಬಿತ್ತು. ಬರೀ ಕೆಸರು. ಇನ್ನೊಂದು ಮಳೆ ಜೋರಾಗಿ ಹುಯ್ದಿದ್ದರೆ ಇಡೀ ಗೋಡೆ ಅತ್ತೆಯ ಮೇಲೆ ಬೀಳುತ್ತಿತ್ತು.

ದಿನಾ ಇದರ ಕೆಳಗೆ ಮಲಗ್ತೀರಲ್ಲ, ನಿಮಗೆ ಗೊತ್ತಾಗಲಿಲ್ಲವಾ ಎಂದು ಕೂಗಾಡಿದೆ. ಅತ್ತೆ ಬಿದ್ದ ಮಣ್ಣನ್ನು ಸೆರಗಿಗೆ ಬಾಚಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತಿತ್ತು ಕಣವ್ವ. ಗೋಡ ನೆಂದದ ಅಂತ ಕಂಡ್ರ ನೀನು ದೋಣಿ ಇಳಿಸ್ಬುಡ್ತಿದ್ದೆ. ಅದ್ಕೇ ವಾರವಾರ ಬಳೀತಿದ್ದೆ. ಮಳ ಬಂದ್ರ ನನ್ ಮಗ ಜಗ್ಲಿ ಮ್ಯಾಲ ಕೂತ್ಕಂಡು ತಗಡು ತಟ್ತಾವ್ನ ಅನ್ನುಸ್ತಿತ್ತು."

ಆ ಸದ್ದು ನನ್ನ ಕಿವಿಗೂ ಬಿದ್ದಿತ್ತು. ನನಗೆ ಅದು ಬರೀ ಸದ್ದಾಗಿತ್ತು.

ಆ ವಾರವೇ ಆಳು ಕರೆಸಿ ದೋಣಿ ಇಳಿಸಿದೆ, ಪಿವಿಸಿ ದೋಣಿ ಹಾಕಿಸಿದೆ, ಗೋಡೆಯ ನೆಂದ ಭಾಗ ಕಿತ್ತು ಕಟ್ಟಿಸಿದೆ. ಅತ್ತೆ ಬೇಡವೆನ್ನಲಿಲ್ಲ. ತಗಡು ಇಳಿಸುವಾಗ ಹೊರಗೂ ಬರಲಿಲ್ಲ.

ಮುಂದಿನ ಮಳೆ ಒಂದು ಸಂಜೆ ಬಂತು. ಹೊಸ ದೋಣಿಯಲ್ಲಿ ನೀರು ಸದ್ದಿಲ್ಲದೆ ಹರಿಯಿತು. ಕೋಣೆಯೊಳಗಿಂದ ಅತ್ತೆ ಕೇಳಿದರು.

"ಮಳ ನಿಂತೋಯ್ತಾ?"

ಇಲ್ಲ, ಬರ್ತಾ ಇದೆ ಅಂದೆ.

ಹಿತ್ತಲಿಗೆ ಹೋದೆ. ಬೇಲಿಗೆ ಒರಗಿಸಿದ್ದ ಹಳೆಯ ದೋಣಿಯನ್ನು ಎಳೆದು ತಂದು, ಅತ್ತೆಯ ಕೋಣೆಯ ಎದುರಿನ ಕೊಟ್ಟಿಗೆಯ ಸೂರಿನ ಕೆಳಗೆ ಬೋರಲು ಹಾಕಿದೆ. ಕೊಟ್ಟಿಗೆಯ ಹೆಂಚಿನ ನೀರೆಲ್ಲ ತಗಡಿನ ಮೇಲೆ ಬೀಳತೊಡಗಿತು. ಬಡಬಡ, ಬಡಬಡ. ಯಜಮಾನರು ಜಗುಲಿಯ ಮೇಲೆ ಕೂತು ತಟ್ಟುತ್ತಿದ್ದ ಹಾಗೇ. ಅಲ್ಲೇ ಮಳೆಯಲ್ಲಿ ನಿಂತು, ವರ್ಷ ತುಂಬಿದ ಮೇಲೆ, ಗೊಳೋ ಎಂದು ಅತ್ತುಬಿಟ್ಟೆ.