ಟಾಕಿಯ ಮುಚ್ಚಳದ ತೂತು

ಎಂಜಿನ್ ಕೆಟ್ಟಿದೆ ಎಂದು ಕರೆದರೆ ಮಹಮ್ಮದಗೌಸ ಬಂದವನೇ ಬೋಲ್ಟು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ. ಮೊದಲು ಕುಕ್ಕರಗಾಲಲ್ಲಿ ಕೂತು ಮೂರು ಪ್ರಶ್ನೆ ಕೇಳುತ್ತಿದ್ದ. ಎಷ್ಟು ಹೊತ್ತು ಓಡಿ ನಿಂತಿತು, ನಿಲ್ಲುವ ಮುಂಚೆ ಕೆಮ್ಮಿತೋ ಅಥವಾ ಒಮ್ಮೆಲೇ ನಿಂತಿತೋ, ಮತ್ತೆ ಚಾಲೂ ಮಾಡಿದಾಗ ಹೊಗೆ ಬಂತೋ ಇಲ್ಲವೋ. ಉತ್ತರ ಕೇಳುತ್ತಾ ಕೇಳುತ್ತಾ ಅರ್ಧ ಕೆಲಸ ಮುಗಿಸಿರುತ್ತಿದ್ದ. ಯರಗಟ್ಟಿ ಬಸ್ ನಿಲ್ದಾಣದ ಪಕ್ಕ ಅವನ ಅಂಗಡಿ. ಸುತ್ತಲ ಹಳ್ಳಿಗಳ ನೀರೆತ್ತುವ ಎಂಜಿನ್ನುಗಳೆಲ್ಲ ಅವನ ಕೈಯಿಂದಲೇ ಓಡುತ್ತಿದ್ದವು.

ನಾನು ಮಾಳಪ್ಪ. ಮಲಪ್ರಭೆಯ ಹಿನ್ನೀರಿನ ಆಚೆ ದಡದ ಊರಿನವನು. ರಸ್ತೆ ಹಿಡಿದು ಸುತ್ತಿ ಬಂದರೆ ಅರ್ಧ ದಿನ ಹಾಳು, ನೀರಿನ ಮೇಲೆ ಬಂದರೆ ಮುಕ್ಕಾಲು ತಾಸು. ಅದಕ್ಕೇ ತೊಂಬತ್ತನಾಲ್ಕರಲ್ಲಿ ಊರವರು ಸೇರಿ ಒಂದು ಸಂಘ ಮಾಡಿ ಹಳೆಯ ಲಾಂಚೊಂದನ್ನು ತಂದರು. ಹೊಟ್ಟೆಯೊಳಗೇ ಡೀಸೆಲ್ ಎಂಜಿನ್ ಇದ್ದ ಕಟ್ಟಿಗೆಯ ಲಾಂಚು. ಏಳನೇ ಇಯತ್ತೆ ಓದಿದ್ದೇನೆ ಎನ್ನುವ ಒಂದೇ ಕಾರಣಕ್ಕೆ ನನ್ನನ್ನು ಡ್ರೈವರ್ ಮಾಡಿದರು. ರಿಪೇರಿಗೆ ಯಾರು ಎಂದಾಗ ಎಲ್ಲರ ಬಾಯಲ್ಲೂ ಗೌಸನದೇ ಹೆಸರು.

ಮೊದಲೆರಡು ವರ್ಷ ಆ ಎಂಜಿನ್ ನಮ್ಮ ಜೀವ ತಿಂದಿತು. ದಡದಲ್ಲಿ ಸೆಲ್ಫ್ ಸ್ಟಾರ್ಟರಿನ ಗುಂಡಿ ಒಮ್ಮೆ ಒತ್ತಿದರೆ ಚಾಲೂ ಆಗುತ್ತಿತ್ತು. ಹದಿನೈದು ಇಪ್ಪತ್ತು ನಿಮಿಷ ಓಡಿ, ನಡು ನೀರಿನಲ್ಲಿ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತಿತ್ತು. ಒಂದು ತಾಸು ಸುಮ್ಮನೆ ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಚಾಲೂ. ಗೌಸ ಬರುತ್ತಿದ್ದ, ಫಿಲ್ಟರ್ ಬಿಚ್ಚಿ ನೀರು ಕೂತಿದೆಯೇ ನೋಡುತ್ತಿದ್ದ, ಪೈಪಿನ ಬೋಲ್ಟು ಸಡಿಲಿಸಿ ಕೈಪಂಪು ಒತ್ತಿ ಏರ್ ತೆಗೆಯುತ್ತಿದ್ದ, ಡೀಸೆಲ್ ಎಳೆದುಕೊಡುವ ಪಂಪನ್ನು ಬಿಚ್ಚಿ ಒಳಗಿನ ರಬ್ಬರ್ ಹಾಳೆ ಹರಿದಿದೆಯೇ ಎಂದು ಬೆಳಕಿಗೆ ಹಿಡಿಯುತ್ತಿದ್ದ. ಅವನು ಇರುವಷ್ಟು ಹೊತ್ತು ಎಂಜಿನ್ ಹೂವಿನಂತೆ ಓಡುತ್ತಿತ್ತು. ಅವನು ಬಸ್ಸು ಹತ್ತಿದ ಮರುದಿನ ಮತ್ತೆ ಅದೇ ಗೋಳು. ಸಂಘದ ಸೆಕ್ರೆಟರಿ ಬಸಯ್ಯನವರು ಅವನ ಮುಖದ ಮೇಲೇ ಚೇಷ್ಟೆ ಮಾಡುತ್ತಿದ್ದರು, ಎಂಜಿನ್ ನಿನ್ನ ಕಂಡರೆ ಹೆದರುತ್ತದೆಯಪ್ಪಾ, ಇಲ್ಲೇ ಹಾಸಿಗೆ ಹಾಕಿಬಿಡು ಎಂದು.

ಕಾರಣ ಸಿಕ್ಕಿದ್ದು ತೊಂಬತ್ತಾರರ ಒಂದು ಬುಧವಾರ. ದಡದಲ್ಲಿ ನಾವಿಬ್ಬರೇ ಇದ್ದೆವು. ಡೀಸೆಲ್ ಕಳುವಾಗುತ್ತದೆಂದು ಬಸಯ್ಯನವರು ಟಾಕಿಗೆ ಕೀಲಿಯ ಮುಚ್ಚಳ ಹಾಕಿಸಿ ಕೀಲಿಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಡೀಸೆಲ್ ಹಾಕುವಾಗ ತಾವೇ ತೆಗೆಯುತ್ತಿದ್ದರು, ಗೌಸ ಬಂದಾಗ ಮಾತ್ರ ಕೀಲಿ ಕೊಡುತ್ತಿದ್ದರು. ಬೇರೆ ದಿನ ಅವನು ಮೊದಲೇ ಮುಚ್ಚಳ ತೆಗೆದಿಟ್ಟು ಕೆಲಸ ಮಾಡುತ್ತಿದ್ದ, ಅಂದು ಎಂಜಿನ್ ಸ್ವಲ್ಪ ಹೊತ್ತು ಓಡಿಸಿದ ಮೇಲೆ ತಿರುವಿದಾಗ ಉಸ್ ಎಂದು ಗಾಳಿ ಒಳಗೆ ನುಗ್ಗಿತು. ಅವನ ಕೈ ಅಲ್ಲೇ ನಿಂತಿತು. ಮುಚ್ಚಳವನ್ನು ತಿರುವಿ ತಿರುವಿ ನೋಡಿದ. ಅದರ ಮೇಲೆ ಬೆರಳು ದಪ್ಪ ಅರಿಶಿನದ ಭಂಡಾರ ಮೆತ್ತಿಕೊಂಡಿತ್ತು.

ಮೆತ್ತಿದವನು ನಾನೇ. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಎಂಜಿನ್ನಿಗೆ ಹಚ್ಚದೆ ನಾನು ದಡ ಬಿಟ್ಟವನಲ್ಲ. ಯಾವುದಕ್ಕೇ ಆಗಲಿ ಮೊದಲು ಬಾಯಿಗಲ್ಲವೇ ಪ್ರಸಾದ? ಎಂಜಿನ್ನು ಉಣ್ಣುವ ಬಾಯಿ ಟಾಕಿ. ಹಾಗಾಗಿ ಮೊದಲ ಮುದ್ದೆ ಮುಚ್ಚಳಕ್ಕೆ. ಸಾಸಿವೆ ಕಾಳಿನಷ್ಟು ತೂತೊಂದು ಅದರ ನಡುವೆ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಗೌಸ ಅಂಗಿಯ ಪಿನ್ನು ತೆಗೆದು ತೂತು ಬಿಡಿಸಿದ. ಆಮೇಲೆ ಸುತ್ತ ನೋಡಿ, ದನಿ ಇಳಿಸಿ ಹೇಳಿದ:

"ಮಾಳಪ್ಪಣ್ಣ, ಪಂಪಿನಾಗ ಏನೂ ಇಲ್ಲ. ಡೀಸೆಲ್ ಹೋದಂಗ ಟಾಕ್ಯಾಗ ಗಾಳಿ ಬರಬೇಕು, ಆ ಗಾಳಿ ಬರೂದು ಈ ತೂತಿನಿಂದ. ಇದು ಮುಚ್ಚಿದ್ರ ಪಂಪ್ ಏನು ಎಳೀತತಿ? ಭಂಡಾರ ಹಚ್ಚಬ್ಯಾಡ್ರಿ ಅನ್ನಂಗಿಲ್ಲ ನಾನು. ಇಲ್ಲಿ ಬಿಟ್ಟು ಬ್ಯಾರೆ ಕಡೆ ಹಚ್ಚ್ರಿ. ಮತ್ತ ಇದನ್ನ ನಾ ಹೇಳೀನಿ ಅಂತ ಯಾರ ಮುಂದೂ ಅನಬ್ಯಾಡ್ರಿ."

ಕೊನೆಯ ಮಾತನ್ನು ಯಾಕೆ ಹೇಳಿದ ಎಂದು ನಾನು ಕೇಳಲಿಲ್ಲ. ಆಗಿನ ದಿನಗಳಲ್ಲಿ ಅದನ್ನು ಕೇಳಬೇಕಾಗಿಯೂ ಇರಲಿಲ್ಲ. ಅಂದಿನಿಂದ ಭಂಡಾರ ಎಂಜಿನ್ನಿನ ಪೆಟ್ಟಿಗೆಗೆ ಹೋಯಿತು, ಲಾಂಚು ಒಂದು ದಿನವೂ ನಡುವೆ ನಿಲ್ಲಲಿಲ್ಲ. ಊರವರು ಗೌಸನನ್ನು ಹೊಗಳಿದ್ದೇ ಹೊಗಳಿದ್ದು. ತೊಂಬತ್ತೆಂಟರ ಫೆಬ್ರುವರಿಯಲ್ಲಿ ಪಂಪಿನ ರಬ್ಬರ್ ನಿಜಕ್ಕೂ ಹರಿದಾಗ ಅವನೇ ಬಂದು ಹೊಸ ಪಂಪ್ ಕೂಡಿಸಿ ಹೋದ.

ಮುಂದಿನ ತಿಂಗಳು ಹತ್ತನೇ ಇಯತ್ತೆಯ ಪರೀಕ್ಷೆ. ಕೇಂದ್ರ ನೀರಿನ ಈಚೆ ದಡದಲ್ಲಿ, ಲಾಂಚಿನಲ್ಲೇ ಹೋಗಬೇಕು. ನಮ್ಮೂರಿನಿಂದ ಹನ್ನೊಂದು ಮಕ್ಕಳು, ಅದರಲ್ಲಿ ನನ್ನ ಮಗಳು ಅನ್ನಪೂರ್ಣಾ ಒಬ್ಬಳು. ಗಣಿತದ ದಿನ ಬೆಳಿಗ್ಗೆ ತಾಯಂದಿರೆಲ್ಲ ದಡಕ್ಕೆ ಬಂದರು, ಒಬ್ಬೊಬ್ಬರ ಕೈಯಲ್ಲೂ ಭಂಡಾರ. ನನ್ನ ಹೆಂಡತಿ ಸಾವಂತ್ರೆವ್ವ ಎಲ್ಲವನ್ನೂ ಒಂದೇ ಬಟ್ಟಲಿಗೆ ಸುರಿದು ಎಣ್ಣೆ ಹಾಕಿ ಕಲಸಿ, ಮೊದಲು ಬಾಯಿಗೆ ಹಚ್ಚುತ್ತಿದ್ದೆಯಲ್ಲ, ಇವತ್ತಾದರೂ ಅಲ್ಲಿ ಹಚ್ಚು ಎಂದಳು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಅಷ್ಟು ಹೆಂಗಸರ ಕಣ್ಣೆದುರು ನಾನು ಮುಚ್ಚಳಕ್ಕೆ ಬಳಿದೆ. ದಡ ಮರೆಯಾದ ಮೇಲೆ ಒರೆಸಿದರಾಯಿತು ಅಂದುಕೊಂಡೆ. ದಡ ಮರೆಯಾಯಿತು. ಹನ್ನೊಂದು ಮಕ್ಕಳು ಎಂಜಿನ್ನಿನ ಸುತ್ತ ಕೂತು ಸೂತ್ರ ಗೊಣಗುತ್ತಿದ್ದವು. ಪರೀಕ್ಷೆಯ ದಿನ, ಅವರ ಎದುರು, ತಾಯಿ ಎಲ್ಲಮ್ಮನ ಭಂಡಾರವನ್ನು ಅರಿವೆಯಿಂದ ಒರೆಸಲು ನನಗೆ ಕೈ ಬರಲಿಲ್ಲ.

ನಡು ನೀರಿನಲ್ಲಿ ಎಂಜಿನ್ ನಿಂತಿತು. ಏನಾಗಿದೆ ಎಂದು ಆ ಕ್ಷಣವೇ ನನಗೆ ಗೊತ್ತಿತ್ತು. ಆದರೂ ಮುಚ್ಚಳ ಮುಟ್ಟದೆ ಸೆಲ್ಫ್ ಒತ್ತಿದೆ. ಮತ್ತೆ ಒತ್ತಿದೆ. ಹೇಗಾದರೂ ಹತ್ತಿಕೊಳ್ಳಲಿ ಎಂಬ ಹಟಕ್ಕೆ ಬಿದ್ದು, ಬ್ಯಾಟರಿ ಟಕ್ ಟಕ್ ಎನ್ನುವವರೆಗೂ ಒತ್ತಿದೆ. ಆಮೇಲೆ ಬುದ್ಧಿ ಬಂದು ಪೆನ್ನಿನ ಮೊನೆಯಿಂದ ತೂತು ಬಿಡಿಸಿದೆ, ಏರ್ ತೆಗೆದೆ. ಡೀಸೆಲ್ ಬಂತು, ಬ್ಯಾಟರಿ ಸತ್ತಿತ್ತು. ಹ್ಯಾಂಡಲ್ ಹೊಡೆದು ಚಾಲೂ ಮಾಡುವ ಎಂಜಿನ್ ಅದಲ್ಲ. ಅನ್ನಪೂರ್ಣಾ ತನ್ನ ಓಢಣಿ ಬಿಚ್ಚಿ ಬೀಸುತ್ತಾ ನಿಂತಳು. ಮೀನುಗಾರರ ದೋಣಿ ಬಂದು ಎಳೆದು ದಡ ಮುಟ್ಟಿಸುವಾಗ ಹನ್ನೆರಡು ಹೊಡೆದಿತ್ತು. ಕೇಂದ್ರದ ಗೇಟು ಮುಚ್ಚಿ ಎಷ್ಟೋ ಹೊತ್ತಾಗಿತ್ತು.

ಮರುದಿನ ಸಂಘದ ಮುಂದೆ ಊರೇ ನೆರೆಯಿತು. ಗೌಸನನ್ನು ಕರೆಸಿದರು. ಅವನು ಮೊದಲು ಲಾಂಚಿಗೆ ಇಳಿದು ನೋಡಿಕೊಂಡು ಬಂದ. ನಾನು ಮುಚ್ಚಳವನ್ನು ಡೀಸೆಲ್ಲಿನಲ್ಲಿ ತೊಳೆದಿದ್ದೆ, ಆದರೆ ಅಂಚಿನ ಸಂದಿಯಲ್ಲಿ ಹಳದಿ ಉಳಿದಿತ್ತು. ಅವನ ಕಣ್ಣಿಗೆ ಅದು ಬೀಳದೆ ಹೋಗುವ ಮಾತೇ ಇಲ್ಲ. ಬಸಯ್ಯನವರು ಎಲ್ಲರ ಎದುರು ನನ್ನನ್ನೇ ಕೇಳಿದರು, ಏನು ಕೆಟ್ಟಿತು ಹೇಳು ಎಂದು. ಹನ್ನೊಂದು ಮಕ್ಕಳ ತಾಯಿತಂದೆಯರು ನನ್ನ ಬಾಯಿ ನೋಡುತ್ತಿದ್ದರು. ಅವರಲ್ಲಿ ಸಾವಂತ್ರೆವ್ವಳೂ ಇದ್ದಳು.

"ಹೊಸಾ ಪಂಪ್ ಕೈ ಕೊಡ್ತು," ಎಂದೆ.

ಗೌಸ ನನ್ನನ್ನು ಒಮ್ಮೆ ನೋಡಿದ. ಬಾಯಿ ಬಿಡಲಿಲ್ಲ. ಸುಮ್ಮನಿದ್ದಾನೆ ಎಂದರೆ ತಪ್ಪು ಒಪ್ಪಿದಂತೆ ಎಂದು ಜನ ತೀರ್ಮಾನ ಮಾಡಿದರು. ಬೇಕೆಂತಲೇ ಮಾಡಿದ್ದಾನೆ ಎಂದು ಹಿಂದಿನಿಂದ ಯಾರೋ ಅಂದರು, ಯಾಕೆ ಹಾಗಂದರು ಎನ್ನುವುದು ಎಲ್ಲರಿಗೂ ತಿಳಿಯಿತು. ಅವನು ಹತಾರದ ಚೀಲ ಹೆಗಲಿಗೇರಿಸಿ ಹೊರಟುಹೋದ.

ಬೇರೆ ಊರಿನ ಮೆಕ್ಯಾನಿಕ್ ಬಂದ. ಅದೇ ಪಂಪನ್ನು ಬಿಚ್ಚಿ, ತೊಳೆದು, ಅದನ್ನೇ ವಾಪಸ್ ಕೂಡಿಸಿ, ಈಗ ಸರಿಯಾಯಿತು ಎಂದು ಹೇಳಿ ಶಾಲು ಹೊದಿಸಿಕೊಂಡು ಹೋದ. ಲಾಂಚು ಗುಜರಿಗೆ ಹೋಗುವವರೆಗೂ ಆ ಪಂಪ್ ಕೆಡಲಿಲ್ಲ. ಗೌಸನ ಕೈ ಅಂಥದ್ದು, ಆದರೆ ಆ ಕೈಗೆ ಕೆಲಸ ಕೊಡುವವರು ಉಳಿಯಲಿಲ್ಲ. ಮಕ್ಕಳ ಪರೀಕ್ಷೆ ಕೆಡಿಸಿದವನು ಎಂಬ ಹೆಸರು ಅವನಿಗಿಂತ ಮೊದಲು ಪ್ರತಿ ಹಳ್ಳಿ ಮುಟ್ಟಿತು. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿದ. ಇತ್ತ ಐದಾರು ಮಕ್ಕಳು ಮತ್ತೆ ಪರೀಕ್ಷೆಗೆ ಕೂತು ಪಾಸಾದವು. ಅನ್ನಪೂರ್ಣಾಳನ್ನು ಮಾತ್ರ ಆ ಮೇ ತಿಂಗಳಲ್ಲೇ ದೊಡವಾಡಕ್ಕೆ ಮದುವೆ ಮಾಡಿ ಕೊಟ್ಟೆವು. ನರ್ಸ್ ಆಗುತ್ತೇನೆ ಅನ್ನುತ್ತಿದ್ದ ಹುಡುಗಿ. ಒಮ್ಮೆ ಬಸ್ಸಿನಲ್ಲಿ ಗೌಸನ ಹೆಂಡತಿ ಅಜೀಜಾಬಿ ತನ್ನ ಪಕ್ಕದಲ್ಲಿ ಬಂದು ಕೂತಾಗ ಅನ್ನಪೂರ್ಣಾ, ನನ್ನ ಬಾಳು ಹಾಳು ಮಾಡಿದ್ದು ನಿನ್ನ ಗಂಡ ಎಂದು ಎಲ್ಲರಿಗೂ ಕೇಳುವಂತೆ ಅಂದು ಎದ್ದು ಹೋದಳಂತೆ. ಅದನ್ನು ಮಗಳೇ ನನಗೆ ಹೆಮ್ಮೆಯಿಂದ ಹೇಳಿದಳು. ನಾನು ಕೇಳಿಕೊಂಡು ಊಟ ಮುಗಿಸಿದೆ.

ಎರಡು ಸಾವಿರದ ಏಳರಲ್ಲಿ ರಸ್ತೆ ಆಯಿತು, ಲಾಂಚು ಮಾರಿದರು. ಆ ವರ್ಷವೇ ಗೌಸನನ್ನು ಹುಡುಕಿಕೊಂಡು ಬೈಲಹೊಂಗಲಕ್ಕೆ ಹೋದೆ. ಮೋಟಾರಿಗೆ ತಂತಿ ಸುತ್ತುವ ಅಂಗಡಿಯೊಂದರಲ್ಲಿ, ಅವನ ಅರ್ಧ ವಯಸ್ಸಿನ ಮಾಲೀಕನ ಕೈಕೆಳಗೆ ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆಯುತ್ತಿದ್ದ. ಕೂರಲು ಡಬ್ಬಿ ಸರಿಸಿಕೊಟ್ಟ, ಚಹಾ ಹೇಳಿದ. ನಾನು ತಪ್ಪಾಯಿತು ಎಂದೆ. ನನಗೆ ಅವತ್ತೇ ಗೊತ್ತಾಗಿತ್ತಲ್ಲ ಎಂದ. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟು ನಾಚಿಕೆಗೇಡಿ ನಾನು.

"ನಾ ಹೇಳಿದ್ರ ತಪ್ಪು ದೇವರ ಭಂಡಾರದ ಮ್ಯಾಲೆ ಹಾಕಿದ ಅಂತಿದ್ರು. ಊರಾಗ ಬೆಂಕಿ ಹತ್ತತಿತ್ತು," ಎಂದ. "ನೀವು ಹೇಳಿದ್ರ ಅದು ಬರೇ ಒಂದು ತೂತಿನ ಮಾತಾಗಿ ಮುಗೀತಿತ್ತು. ನೀವು ಹೇಳ್ತೀರಿ ಅಂತ ದಾರಿ ನೋಡಿದೆ."

ಅವನು ಒಂದು ಬೇರಿಂಗ್ ಒರೆಸಿ ಇಟ್ಟು, ಇನ್ನೊಂದನ್ನು ಕೈಗೆ ತೆಗೆದುಕೊಂಡ.

"ಅನ್ನಪೂರ್ಣಾಗ ಹೇಳೀರೇನು?"

ಇಲ್ಲ ಎಂದೆ. ಅವನು ತಲೆ ಆಡಿಸಿ ಕೆಲಸಕ್ಕೆ ಬಗ್ಗಿದ, ಮತ್ತೆ ನನ್ನ ಕಡೆ ನೋಡಲಿಲ್ಲ.

ನಿಲ್ದಾಣಕ್ಕೆ ಬಂದಾಗ ಮಗಳ ಊರಾದ ದೊಡವಾಡದ ಬಸ್ಸು ಎದುರಿಗೇ ನಿಂತಿತ್ತು, ಸೀಟೂ ಖಾಲಿ ಇತ್ತು. ಕಂಡಕ್ಟರ್ ಬರ್ರಿ ಎಂದು ಎರಡು ಸಲ ಕರೆದ. ನಾನು ಸವದತ್ತಿ ಬಸ್ಸು ಹತ್ತಿ ಊರಿಗೆ ಬಂದೆ.