ಖತೀಜಮ್ಮ ಆರಿಸಿದ ಹೂಗಳು

ಗಂಡ ಹದಿನಾಲ್ಕು ವರ್ಷ ಮದೀನಾದಲ್ಲಿದ್ದೂ ಹೆಂಡತಿ ಒಮ್ಮೆಯೂ ಮದೀನಾ ನೋಡಿಲ್ಲವೆಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಹಸನ್ ಕುಂಞಿಯ ಹೆಂಡತಿ ಖತೀಜಮ್ಮನ ಕಥೆ ಅದೇ. ಉಪ್ಪಿನಂಗಡಿ ಹತ್ತಿರದ ಅವಳ ಜಗಲಿಯಲ್ಲಿ ಜೊತೆಗೆ ಕೂತು ಬೀಡಿ ಕಟ್ಟುವ ಹೆಂಗಸರು, "ನಿನಗೆಂತ ಬಿಡು, ಗಂಡ ಮದೀನಾದಲ್ಲೇ ಇದ್ದಾರೆ, ಎಷ್ಟು ಸಲ ಹೋಗಿ ಬಂದೆ?" ಎಂದು ಕೇಳುತ್ತಿದ್ದರಂತೆ. ಒಮ್ಮೆಯೂ ಇಲ್ಲ ಎಂದು ಹೇಳಲು ನಾಚಿಕೆಯಾಗಿ ಅವಳು ಸುಮ್ಮನೆ ನಗುತ್ತಿದ್ದಳಂತೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

ನಾನು ಇದಿನಬ್ಬ, ಸುರತ್ಕಲ್ ಕಡೆಯವನು. ಮದೀನಾ ಪೇಟೆಯ ಹೊರಗೆ ಖರ್ಜೂರದ ತೋಟದ ನಡುವೆ ಒಬ್ಬ ಅರಬಿ ಸಾಹುಕಾರನ ವಿಶ್ರಾಂತಿಮನೆ ಇತ್ತು. ಅಲ್ಲಿನವರು ಅದನ್ನು ಇಸ್ತಿರಾಹಾ ಎನ್ನುತ್ತಾರೆ. ನಾನು ಅಲ್ಲಿ ಅಡುಗೆಯವನು, ಹಸನ್ ಕುಂಞಿ ತೋಟದವನು. ಇಬ್ಬರದೂ ಒಂದೇ ಕೋಣೆ. ಅವನ ಎಡಗಿವಿ ಮಂದ, ಬಲಗಿವಿಯೂ ಅಷ್ಟಕ್ಕಷ್ಟೆ. ಹಾಗಾಗಿ ಹೆಂಡತಿಯ ಜೊತೆ ಮಾತಾಡುವಾಗ ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದ. ಅವರ ಸಂಸಾರದ ಮಾತೆಲ್ಲ ನನಗೆ ಗೊತ್ತಿರುವುದು ಅದರಿಂದ. ನಾನು ಕದ್ದು ಕೇಳಿದ್ದಲ್ಲ.

ಊರಿನಲ್ಲಿ ಅವನು ತೆಂಗಿನ ಮರ ಹತ್ತುತ್ತಿದ್ದ. ಹತ್ತೊಂಬತ್ತುನೂರ ತೊಂಬತ್ತೊಂಬತ್ತರಲ್ಲಿ ಇಲ್ಲಿಗೆ ಬಂದು ಖರ್ಜೂರದ ಮರ ಹತ್ತಿದ. ವಸಂತದಲ್ಲಿ ಗಂಡು ಹೂವಿನ ಹುಡಿಯನ್ನು ಹೆಣ್ಣು ಮರದ ಗೊನೆಗೆ ಕೈಯಲ್ಲೇ ಉದುರಿಸಬೇಕು, ಇಲ್ಲದಿದ್ದರೆ ಹಣ್ಣಾಗುವುದಿಲ್ಲ. ಮುಳ್ಳು ಗೀರಿ ಗೀರಿ ಅವನ ಮೊಣಕೈಯ ಚರ್ಮ ಹಳೆಯ ಚಪ್ಪಲಿಯಂತಾಗಿತ್ತು. ವಾರವಿಡೀ ಮಣ್ಣಿನಲ್ಲಿರುವ ಮನುಷ್ಯ ಶುಕ್ರವಾರ ಮಾತ್ರ ಬಿಳಿ ಅಂಗಿ ಹಾಕಿ, ಅತ್ತರು ಹಚ್ಚಿ, ಪ್ರವಾದಿಯವರ ಮಸೀದಿಗೆ ಹೋಗುತ್ತಿದ್ದ. ಅಲ್ಲಿ ಪ್ರವಾದಿಯವರ ಸಮಾಧಿ ಇರುವ ರೌಝಾದ ಮುಂದೆ ನಿಂತು ಮೊದಲು ತನ್ನ ಸಲಾಂ, ಆಮೇಲೆ "ಖತೀಜಮ್ಮನ ಸಲಾಂ" ಎಂದು ಒಪ್ಪಿಸುತ್ತಿದ್ದ. ಬರಲಾಗದವರ ಸಲಾಮನ್ನು ಹೋದವರು ಹೇಳುವುದು ನಮ್ಮಲ್ಲಿ ಪದ್ಧತಿ. ಹದಿನಾಲ್ಕು ವರ್ಷ ಅವನು ಒಂದು ವಾರವೂ ಅದನ್ನು ತಪ್ಪಿಸಿದ್ದಿಲ್ಲ, ರಜೆಯಲ್ಲಿ ಊರಿಗೆ ಹೋದಾಗ ಬಿಟ್ಟರೆ.

ಅವಳನ್ನು ಕರೆಸಿಕೊಳ್ಳಬಾರದಿತ್ತೇ ಎಂದರೆ, ದುಡ್ಡು ಕಟ್ಟಿ ಉಮ್ರಾ ಯಾತ್ರೆಗೆ ಕರೆಸಲು ಉಳಿಸಿದ್ದೆಲ್ಲ ಎರಡು ಹೆಣ್ಣುಮಕ್ಕಳ ಮದುವೆಗೆ ಹೋಗಿತ್ತು. ಇನ್ನೊಂದು ದಾರಿ ವಿಸಿಟ್ ವೀಸಾ. ಆದರೆ ಇಕಾಮಾದಲ್ಲಿ, ಅಂದರೆ ಅಲ್ಲಿರಲು ಕೊಡುವ ಪರವಾನಗಿಯಲ್ಲಿ, ತೋಟದ ಕೂಲಿ ಎಂದು ಬರೆದಿದ್ದವನಿಗೆ ಅದು ಸಿಗುವಂಥದ್ದಲ್ಲ. ಕಫೀಲ್, ಅಂದರೆ ಕೆಲಸಕ್ಕೆ ಕರೆಸಿಕೊಂಡ ಸಾಹುಕಾರ, ಮನಸ್ಸು ಮಾಡಿ ಹುದ್ದೆ ಬದಲಾಯಿಸಿ ಕಾಗದ ಕೊಟ್ಟರೆ ಮಾತ್ರ ಉಂಟು.

ಎರಡು ಸಾವಿರದ ಹನ್ನೆರಡರಲ್ಲಿ ಸಾಹುಕಾರನ ಮಗ ತಲಾಲ್ ಅಮೆರಿಕದಲ್ಲಿ ಓದು ಮುಗಿಸಿ ಬಂದ. ವಾಸ ಜಿದ್ದಾದಲ್ಲಿ, ಇಸ್ತಿರಾಹಾಕ್ಕೆ ತಿಂಗಳಿಗೊಮ್ಮೆ ಬರುತ್ತಿದ್ದ. ನಮ್ಮಂಥವರ ಜೊತೆ ಅವನ ಮಾತೆಲ್ಲ ಸೂಪರ್‌ವೈಸರ್ ಮುಸ್ತಫಾನ ಮೂಲಕ. ಮುಸ್ತಫಾ ಬಂಟ್ವಾಳದವನು, ನಮಗಿಂತ ಹದಿನೈದು ವರ್ಷ ಚಿಕ್ಕವನು, ನಮ್ಮನ್ನು ಅಣ್ಣ ಎಂಬರ್ಥದಲ್ಲಿ ಹೆಸರಿಗೆ ಆಕ ಸೇರಿಸಿ ಕರೆಯುತ್ತಿದ್ದ, ಅರಬಿಯನ್ನು ಅರಬಿಗಳ ಹಾಗೆ ಮಾತಾಡುತ್ತಿದ್ದ. ಒಂದು ದಿನ ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಕೆಂಪು ಹೂವಿನ ಮುಂದೆ ಗಾಳಿಯಲ್ಲೇ ನಿಂತ ಒಂದು ಪುಟ್ಟ ಹಕ್ಕಿ.

"ತಲಾಲ್ ಇದ್ದ ಮನೆಯ ಕಿಟಕಿಗೆ ಇದು ದಿನಾ ಬರ್ತಿತ್ತಂತೆ. ಹಮ್ಮಿಂಗ್ ಬರ್ಡ್. ಇಲ್ಲಿಯ ಕಿಟಕಿಗೂ ಬರಬೇಕಂತೆ. ಇದು ಬರುವ ಹಾಗಿನ ಹೂವಿನ ತೋಟ ಮಾಡ್ಲಿಕ್ಕೆ ಆಗ್ತದಾ ಹಸನಾಕ?"

ಹಸನ್ ಕುಂಞಿ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಇದು ನಮ್ಮ ಬಾಳೆಹೂವಿಗೆ ಬರುವ ಹಕ್ಕಿ ಅಲ್ವಾ. ನಮ್ಮ ಬೇಲಿಯಲ್ಲಿ ಬೇಕಾದಷ್ಟು ಉಂಟು."

ನಾನೂ ತಲೆಯಾಡಿಸಿದೆ. ಅಮೆರಿಕದ ಆ ಹಕ್ಕಿ ಅಮೆರಿಕ ಬಿಟ್ಟು ಎಲ್ಲಿಯೂ ಇಲ್ಲ, ನಮ್ಮದು ಸೂರಕ್ಕಿ, ಜಾತಿಯೇ ಬೇರೆ ಎಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಕರಾವಳಿಯಲ್ಲಿ ಅರ್ಧಕ್ಕರ್ಧ ಜನ ಇವತ್ತಿಗೂ ಹಾಗೆಯೇ ತಿಳಿದಿದ್ದಾರೆ.

"ಹಕ್ಕಿ ಬಂದ್ರೆ, ತೋಟ ಮಾಡಿದವನು ಕೇಳಿದ್ದು ಕೊಡ್ತೇನೆ ಅಂತ ಹೇಳಿದ್ದಾನೆ. ನೀವು ಎಂತ ಕೇಳ್ತೀರಿ?" ಎಂದ ಮುಸ್ತಫಾ.

"ಖತೀಜಮ್ಮನ ವಿಸಿಟ್ ಕಾಗದ," ಎಂದ ಹಸನ್ ಕುಂಞಿ. ಯೋಚಿಸಲಿಕ್ಕೆ ಅರೆಗಳಿಗೆಯೂ ತೆಗೆದುಕೊಳ್ಳಲಿಲ್ಲ.

ಮೊದಲು ಅವನು ಮಾಡಿದ್ದೆಲ್ಲ ತಪ್ಪು. ಒಳ್ಳೆಯ ಪರಿಮಳದ ಗುಲಾಬಿ ನೆಟ್ಟ. ನರ್ಸರಿಯಿಂದ ಮುದ್ದೆ ಮುದ್ದೆ ಎಸಳಿನ ದಾಸವಾಳ ತಂದ. ಎರಡು ತಿಂಗಳು ಜೇನುನೊಣ ಬಂತು, ಗುಬ್ಬಿ ಬಂತು, ಪಕ್ಕದ ತೋಟದ ಆಡು ಸಹ ಬಂತು. ಬರಬೇಕಾದ್ದು ಬರಲಿಲ್ಲ. ಕೊನೆಗೆ ಸೋತು ಹೆಂಡತಿಗೆ ಫೋನು ಮಾಡಿದ.

ಖತೀಜಮ್ಮ ಇಪ್ಪತ್ತೆರಡು ವರ್ಷ ಅದೇ ಜಗಲಿಯಲ್ಲಿ ಮಡಿಲಲ್ಲಿ ಮೊರ ಇಟ್ಟು ಬೀಡಿ ಕಟ್ಟಿದವಳು. ಕೈಗೆ ಕೆಲಸ, ಕಣ್ಣಿಗೆ ಬಿಡುವು. ಎದುರಿನ ಬೇಲಿಗೆ ಯಾವ ಹಕ್ಕಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಹೂ ಬಿಟ್ಟು ಯಾವ ಹೂವಿಗೆ ಹೋಗುತ್ತದೆ ಎಲ್ಲ ಅವಳಿಗೆ ಬಾಯಿಪಾಠ.

"ಗುಲಾಬಿ ಯಾಕೆ ನೆಟ್ಟದ್ದು? ಆ ಹಕ್ಕಿಗೆ ಪರಿಮಳ ಕಟ್ಟಿಕೊಂಡು ಎಂತ ಆಗ್ಬೇಕು? ಅದಕ್ಕೆ ಬೇಕಾದದ್ದು ಒಳಗಿನ ಜೇನು. ಮುದ್ದೆ ದಾಸವಾಳದಲ್ಲಿ ಕೊಕ್ಕು ಹಾಕುದು ಎಲ್ಲಿಗೆ? ಐದೆಸಳಿನ ಕೆಂಪು ದಾಸವಾಳ ನೆಡಿ. ಅದು ಎದುರಿನಿಂದ ಕುಡಿಯುದಿಲ್ಲ, ತೊಟ್ಟಿನ ಹತ್ತಿರ ತೂತು ಮಾಡಿ ಕುಡಿಯುದು. ನೀವು ಇಷ್ಟು ವರ್ಷ ತೋಟದಲ್ಲಿದ್ದು ಅದನ್ನೂ ನೋಡ್ಲಿಲ್ವಾ?"

"ನಾನು ಮರ ನೋಡುದು," ಎಂದ ಅವನು. ನಾನು ಹೊದಿಕೆಯೊಳಗೆ ನಕ್ಕೆ.

ಅಂದಿನಿಂದ ಮೂರು ತಿಂಗಳು ನಮ್ಮ ಕೋಣೆಯಲ್ಲಿ ಹೂವಿನದೇ ಮಾತು. ಅವಳು ಹೇಳಿದಳೆಂದು ಊರಿನಿಂದ ಬಂದವರೊಬ್ಬರ ಕೈಯಲ್ಲಿ ಕೆಂಪು ಗೊಂಚಲು ಹೂವಿನ ಕೇಪಳದ ಗಿಡ ತರಿಸಿದ. ಇಲ್ಲಿಯ ಬಾವಿಯ ಉಪ್ಪು ನೀರಿಗೆ ಅದರ ಎಲೆ ಹಳದಿಯಾಗಿ ಇಪ್ಪತ್ತು ದಿನದಲ್ಲಿ ಸತ್ತಿತು. ಆಮೇಲೆ ಅವನು ನರ್ಸರಿಯಲ್ಲೇ ನಿಂತು ಒಂದೊಂದು ಗಿಡವನ್ನು ಫೋನಿನಲ್ಲಿ ಅವಳಿಗೆ ವರ್ಣಿಸತೊಡಗಿದ. ಅವಳದು ಒಂದೇ ಪ್ರಶ್ನೆ: "ಹೂವಿಗೆ ಕುತ್ತಿಗೆ ಉಂಟಾ?" ಕುತ್ತಿಗೆ ಎಂದರೆ ಉದ್ದ ಕೊಳವೆ. ಇದ್ದರೆ ತನ್ನಿ, ಇಲ್ಲದಿದ್ದರೆ ಬಿಡಿ. ಹಾಗೆ ಬಂದವು ಹಳದಿ ಗಂಟೆಹೂ, ದಾಳಿಂಬೆ, ಸಾಲಾಗಿ ಲೋಳೆಸರ. ಲೋಳೆಸರಕ್ಕೆ ಚಳಿಯಲ್ಲಿ ಕೋಲಿನಂಥ ಹೂಗೊನೆ ಬರುತ್ತದೆ, ಬೇರೆ ಹೂ ಇಲ್ಲದ ತಿಂಗಳಿಗೆ ಅದೇ ಆಧಾರ ಎಂದೂ ಅವಳೇ ಲೆಕ್ಕ ಹಾಕಿದಳು. ಔಷಧ ಹೊಡೆಯಬೇಡಿ, ಮರಿಗೆ ಜೇಡ ಬೇಕು ಎಂದಳು. ಕೂರಲಿಕ್ಕೆ ಒಂದು ಒಣಕಡ್ಡಿ ನಿಲ್ಲಿಸಿ ಎಂದಳು. ಅವನು ದಾಳಿಂಬೆಯ ಬುಡದಲ್ಲಿ ಒಂದು ಕಡ್ಡಿ ಊರಿ, ಅದು ಅಲ್ಲಾಡದ ಹಾಗೆ ಊರಿನ ಕೆಂಪು ಬೀಡಿನೂಲಿನಿಂದ ಬಿಗಿದು ಕಟ್ಟಿದ. ಆ ನೂಲು ಖತೀಜಮ್ಮ ಉಪ್ಪಿನಕಾಯಿ ಭರಣಿಯ ಬಾಯಿಗೆ ಸುತ್ತಿ ಕಳಿಸಿದ್ದು.

ಎರಡು ಸಾವಿರದ ಹದಿಮೂರರ ಜನವರಿಯಲ್ಲಿ, ಬೆಳಗಿನ ಚಹಾದ ಹೊತ್ತಿಗೆ, ಆ ಕಡ್ಡಿಯ ಮೇಲೆ ಹೆಬ್ಬೆರಳಿನಷ್ಟೇ ಇರುವ ಕಪ್ಪು ಹಕ್ಕಿ ಕೂತಿತ್ತು. ಬಿಸಿಲಿಗೆ ತಿರುಗಿದಾಗ ನೀಲಿ, ಮತ್ತೆ ತಿರುಗಿದಾಗ ಹಸಿರು. ಬಾಗಿದ ಕೊಕ್ಕು. ಲೋಳೆಸರದ ಹೂಗೊನೆಗೆ ಹಾರಿ, ಜೋತು, ಕುಡಿದು, ಕಿಟಕಿಯ ಗಾಜಿನಲ್ಲಿ ತನ್ನನ್ನೇ ಕಂಡು ಜಗಳಕ್ಕೆ ಹೋಯಿತು. ಮದೀನಾದ ಸುತ್ತಿನ ಬೆಟ್ಟಗಳಲ್ಲೂ ಈ ಸೂರಕ್ಕಿ ಮೊದಲಿನಿಂದ ಇತ್ತಂತೆ, ಕರೆಯುವವರಿರಲಿಲ್ಲ ಅಷ್ಟೆ. ಹಸನ್ ಕುಂಞಿಯ ಕಣ್ಣು ತುಂಬಿತು. ಹಾಲು ಕುಡಿದಷ್ಟು ಸಂತೋಷವಾಯಿತು ನನಗೂ.

ಮುಸ್ತಫಾ ಓಡಿ ಬಂದು ಹತ್ತಾರು ಫೋಟೋ ತೆಗೆದ. ನಮ್ಮಿಬ್ಬರ ಫೋನಿನಲ್ಲಿ ಕ್ಯಾಮರಾ ಇರಲಿಲ್ಲ. "ನಿಮಗೆ ಇದೆಲ್ಲ ಹೇಗೆ ಗೊತ್ತಾಯ್ತು ಹಸನಾಕ?" ಎಂದು ಕೇಳಿದ.

ಹಸನ್ ಕುಂಞಿ ಮುಂಡಾಸು ಬಿಚ್ಚಿ ಕೊಡವಿ, "ಮೂವತ್ತು ವರ್ಷ ಮರ ಹತ್ತಿದವನಿಗೆ ಹಕ್ಕಿ ಗೊತ್ತಿರುದಿಲ್ವಾ? ಎಲ್ಲ ನನ್ನ ತಲೆ ಮಾರಾಯ," ಎಂದ. ನಾನು ಚಹಾ ಕೊಡುತ್ತಾ ನಕ್ಕೆ. ಆ ಮಾತು ನನಗೂ ಆಗ ಏನೂ ಅನ್ನಿಸಲಿಲ್ಲ.

ತಲಾಲ್ ಬಂದ, ನೋಡಿದ, ಇದು ಅಮೆರಿಕದ್ದಲ್ಲ ಎಂದ. ಆದರೂ ಕಿಟಕಿ ಬಿಟ್ಟು ಎದ್ದು ಹೋಗಲಿಲ್ಲ. ಮುಸ್ತಫಾನ ಹೆಗಲ ಮೇಲೆ ಕೈ ಹಾಕಿ ಬಹಳ ಹೊತ್ತು ಮಾತಾಡಿದ. ಹಸನ್ ಕುಂಞಿ ಪೈಪು ಹಿಡಿದುಕೊಂಡು ದೂರದಲ್ಲಿ ನಿಂತಿದ್ದ. ಅವನ ಅರಬಿ ನೀರು, ಮಣ್ಣು, ಯಲ್ಲಾ, ಖಲಾಸ್, ಅಷ್ಟರಲ್ಲೇ ಮುಗಿಯುತ್ತಿತ್ತು.

ಆ ವರ್ಷವೇ ಸರಕಾರ ಎಲ್ಲರ ಇಕಾಮಾ ಸರಿಪಡಿಸಿಕೊಳ್ಳಲು ಕೆಲವು ತಿಂಗಳು ಅವಕಾಶ ಕೊಟ್ಟಿತು. ಹುದ್ದೆ ಬದಲಾಯಿಸಲು ಅದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ. ಮುಸ್ತಫಾ ಹಸನ್ ಕುಂಞಿಯ ಪಾಸ್‌ಪೋರ್ಟಿನ ಪ್ರತಿ, ಫೋಟೋ ಎಲ್ಲ ತೆಗೆದುಕೊಂಡು ಹೋದ. ಖತೀಜಮ್ಮ ಊರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದಳು, ಹೊಸ ಬುರ್ಖಾ ಹೊಲಿಸಿದಳು. ಈ ಸಲ ಜಗಲಿಯ ಹೆಂಗಸರಿಗೆ ಹೇಳಿಯೂ ಬಿಟ್ಟಳು. ಎರಡು ತಿಂಗಳ ನಂತರ ಮುಸ್ತಫಾ ಬಂದು ತಲೆ ತಗ್ಗಿಸಿ, "ಆಫೀಸಿನಲ್ಲಿ ಆಗುದಿಲ್ಲ ಅಂತ ಹೇಳಿದ್ರು ಹಸನಾಕ. ನಿಮ್ಮ ನಸೀಬು," ಎಂದ. ಹಸನ್ ಕುಂಞಿ ಅವನಿಗೇ ಸಮಾಧಾನ ಹೇಳಿದ. "ನೀನು ಓಡಾಡಿದಿ, ಅದು ಸಾಕು" ಎಂದ.

ನವೆಂಬರಿನಲ್ಲಿ ಮುಸ್ತಫಾನ ಹೆಂಡತಿ ನಸೀಮಾ ವಿಸಿಟ್‌ನಲ್ಲಿ ಬಂದಳು. ತನ್ನ ಹುದ್ದೆ ಸೂಪರ್‌ವೈಸರ್ ಅಲ್ಲವೇ, ಹಾಗಾಗಿ ಸಿಕ್ಕಿತು ಎಂದ ಮುಸ್ತಫಾ. ನಾವು ನಂಬಿದೆವು. ಖತೀಜಮ್ಮ ಬಂಟ್ವಾಳದ ತನಕ ಬಸ್ಸಿನಲ್ಲಿ ಹೋಗಿ, ನಸೀಮಾಳ ಕೈಯಲ್ಲಿ ಗಂಡನಿಗೆ ಹಪ್ಪಳದ ಕಟ್ಟು ಕೊಟ್ಟು, ಪ್ರವಾದಿಯವರಿಗೆ ತನ್ನ ಸಲಾಂ ಹೇಳಲು ಒಪ್ಪಿಸಿ ಬಂದಿದ್ದಳು. ಹೆಣ್ಣೊಬ್ಬಳ ಬಾಯಲ್ಲಾದರೂ ತನ್ನ ಸಲಾಂ ಒಮ್ಮೆ ಅಲ್ಲಿಗೆ ಮುಟ್ಟಲಿ ಎಂದು ಅವಳ ಆಸೆ.

ನಸೀಮಾ ಒಳ್ಳೆಯ ಹುಡುಗಿ. ಅವಳ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಒಂದು ಸಂಜೆ ಕಿಟಕಿಯ ತೋಟದಲ್ಲಿ ನಿಂತು ಹಸನ್ ಕುಂಞಿಗೆ ಹೇಳಿದಳು: "ನನ್ನವರಿಗೆ ಹೂವಿನ ವಿಷಯದಲ್ಲಿ ಇಷ್ಟು ತಲೆ ಉಂಟು ಅಂತ ನನಗೇ ಗೊತ್ತಿರಲಿಲ್ಲ ಹಸನಾಕ. ತಲಾಲ್ ಹೇಳಿದ್ರಂತೆ, ಹಕ್ಕಿ ಕರೆಸಿದವನು ನೀನು, ನಿನ್ನ ಹೆಂಡತಿ ಬಂದು ಇದನ್ನು ನೋಡಬೇಕು ಅಂತ. ಅವರೇ ಕಾಗದ ಮಾಡಿಸಿ ಕೊಟ್ಟದ್ದಂತೆ."

ನಾನು ಪಾತ್ರೆ ತೊಳೆಯುತ್ತಿದ್ದೆ. ಹಸನ್ ಕುಂಞಿಯ ಕೈಯ ಪೈಪಿನಿಂದ ನೀರು ಅವನ ಕಾಲ ಮೇಲೆಯೇ ಸುರಿಯುತ್ತಿತ್ತು. "ಒಳ್ಳೇದಾಯ್ತು ಮಗಳೇ," ಎಂದ.

ಮರುದಿನ ಮುಸ್ತಫಾನನ್ನು ನಿಲ್ಲಿಸಿ ಕೇಳಿದ್ದು ನಾನೇ. ನನ್ನ ನಾಲಿಗೆಗೆ ಕಡಿವಾಣ ಇಲ್ಲ. ಹಸನ್ ಕುಂಞಿಯ ಕಾಗದ ಆಫೀಸಿಗೆ ಹೋಗಿರಲೇ ಇಲ್ಲ. ಅವನ ಪಾಸ್‌ಪೋರ್ಟಿನ ಪ್ರತಿ ಮುಸ್ತಫಾನ ಮೇಜಿನ ಖಾನೆಯಲ್ಲೇ ಇತ್ತು.

"ಅವರು ಹೆಗಲ ಮೇಲೆ ಕೈ ಹಾಕಿ ನೀನೇ ಅಲ್ವಾ ಅಂತ ಕೇಳಿದ್ರು ಇದಿನಬ್ಬಾಕ, ನನ್ನ ಬಾಯಲ್ಲಿ ಹೌದು ಅಂತ ಬಂತು," ಎಂದ ಅವನು. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಹೂ ಅವರದ್ದಿರಬಹುದು. ಫೋಟೋ ತೆಗೆದು ಕಳಿಸಿದ್ದು ನಾನು. ಇಲ್ಲದಿದ್ರೆ ಜಿದ್ದಾದಲ್ಲಿ ಯಾರಿಗೆ ಗೊತ್ತಾಗ್ತಿತ್ತು?"

ಅದಕ್ಕೆ ನಾನು ಹೇಳಿದ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂದಿನಿಂದ ಅವನ ತಟ್ಟೆಗೆ ಹುಡುಕಿ ಹುಡುಕಿ ಬರೀ ಎಲುಬು ಬಡಿಸಿದೆ. ನನ್ನಿಂದಾಗುವ ಶಿಕ್ಷೆ ಅಷ್ಟೇ. ಅಷ್ಟರಲ್ಲಿ ಹುದ್ದೆ ಬದಲಾಯಿಸುವ ಅವಧಿ ಮುಗಿದಿತ್ತು. ತಲಾಲ್ ಮುಂದಿನ ಓದಿಗೆಂದು ಮತ್ತೆ ಅಮೆರಿಕಕ್ಕೆ ಹೋಗಿದ್ದ.

ಗುರುವಾರ ಸಂಜೆ ಹಸನ್ ಕುಂಞಿ ಖತೀಜಮ್ಮನಿಗೆ ಫೋನು ಮಾಡಿದ. ಎಂದಿನಂತೆ ಸ್ಪೀಕರ್. ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತಾ ಅತ್ತ. ಐವತ್ತನಾಲ್ಕು ವರ್ಷದ ಗಂಡಸು, ಕೈಕೈ ಹಿಸುಕಿಕೊಂಡು, "ನನ್ನ ಹೆಸರು ತಿಂದ ಖತೀಜಾ. ನನ್ನ ಊರಿನವನೇ, ನನ್ನ ಜೊತೆ ಉಂಡವನೇ. ತೋಟ ನನ್ನದು, ಹೆಸರು ಅವನದ್ದು," ಎಂದ.

ಆ ಕಡೆಯಿಂದ ಮೊರ ಕೆಳಗಿಟ್ಟ ಸದ್ದು ಕೇಳಿಸಿತು.

"ಹೇಗೆ ಗೊತ್ತಾಯ್ತು ಅಂತ ಅವನು ನಿಮ್ಮನ್ನು ಕೇಳ್ಲಿಲ್ವಾ?" ಎಂದಳು ಖತೀಜಮ್ಮ.

"ಕೇಳಿದ್ದ."

"ನೀವು ಎಂತ ಹೇಳಿದ್ರಿ?"

ಹಸನ್ ಕುಂಞಿ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನು ಸುಳ್ಳು ಹೇಳಬಹುದಿತ್ತು. ನಾನು ಅಲ್ಲೇ ಕೂತಿದ್ದೆನಲ್ಲ, ಅದಕ್ಕೋ ಏನೋ ಹೇಳಲಿಲ್ಲ.

"ನನ್ನ ತಲೆ ಅಂತ ಹೇಳಿದೆ," ಎಂದ.

"ನನ್ನ ಹೆಸರು?"

"ಹೇಳ್ಲಿಲ್ಲ."

"ಹೇಳಿದ್ರೆ ಈ ತೋಟ ಅವನು ತನ್ನದು ಅಂತ ಹೇಳ್ಲಿಕ್ಕೆ ಆಗ್ತಿತ್ತಾ? ಊರಿನ ಖತೀಜಮ್ಮ ಆರಿಸಿದ ಹೂ ಅಂತ ಒಂದು ಮಾತು ಆ ಅರಬಿಯ ಕಿವಿಗೆ ಬಿದ್ದಿದ್ರೆ, ಅವ ನನ್ನನ್ನೇ ಕರೆಸ್ತಿದ್ದ." ಅವಳ ಧ್ವನಿ ಏರಲಿಲ್ಲ. "ಮುಸ್ತಫಾ ನಿಮಗೆ ಮಾಡಿದ್ದನ್ನು ನೀವು ನನಗೆ ಮೊದಲೇ ಮಾಡಿದ್ದೀರಿ. ಅವ ಹೊರಗಿನವ. ನನಗೆ ಅವನ ಮೇಲೆ ಸಿಟ್ಟಿಲ್ಲ."

"ಖತೀಜಾ," ಎಂದ ಅವನು.

"ಇನ್ನು ನನ್ನ ಸಲಾಂ ನೀವು ಹೇಳುದು ಬೇಡ. ಬೀಡಿ ಕಟ್ಟಿ ದುಡ್ಡು ಕೂಡಿಸಿ, ಗಂಡಸು ಜೊತೆಗೆ ಬೇಕಲ್ಲ, ತಮ್ಮನನ್ನು ಕರ್ಕೊಂಡು, ಎಷ್ಟು ವರ್ಷ ಆದ್ರೂ ನಾನೇ ಬಂದು ಹೇಳ್ತೇನೆ."

ಅವಳು ಫೋನಿಟ್ಟಳು. ಅವನು ಕಿವಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಫೋನನ್ನು ಬಲಗಿವಿಗೆ ಒತ್ತಿ ಹಿಡಿದು ಸುಮಾರು ಹೊತ್ತು ಕೂತಿದ್ದ.

ಮರುದಿನ ಶುಕ್ರವಾರ ನಾನೂ ಜೊತೆಗೆ ಹೋದೆ. ಸಾಲಿನಲ್ಲಿ ಅವನ ಹಿಂದೆಯೇ ಇದ್ದೆ. ರೌಝಾದ ಮುಂದೆ ಬಂದಾಗ ಅವನು ತನ್ನ ಸಲಾಂ ಹೇಳಿದ. ಎರಡನೆಯದಕ್ಕೆ ಬಾಯಿ ತೆರೆದ. ಹಿಂದಿನವರು ನೂಕುತ್ತಿದ್ದರು, ಕಾವಲಿನವನು ಯಲ್ಲಾ ಯಲ್ಲಾ ಎಂದು ಮುಂದೆ ಸಾಗಿಸುತ್ತಿದ್ದ. ಹಸನ್ ಕುಂಞಿ ತೆರೆದ ಬಾಯಿ ಮುಚ್ಚಿ ಮುಂದೆ ನಡೆದ.