ನಡುಗದ ಸಹಿ

ಬ್ಯಾಂಕಿನಲ್ಲಿ ಅವಳಿಗೆ ‘ಹದ್ದಿನ ಕಣ್ಣಿನ ಅಕ್ಕ’ ಎಂದೇ ಹೆಸರು. ಚೆಕ್ಕಿನ ಸಹಿಯನ್ನು ಖಾತೆದಾರರ ಮಾದರಿ ಸಹಿಯ ಪಕ್ಕ ಇಟ್ಟು ತಾಳೆ ನೋಡುವುದು ಅವಳ ಕೆಲಸ. ಮದುವೆ ಕರೆಯೋಲೆ ಬಂದರೂ ಅಕ್ಷರದ ಬಾಲ ನೋಡುತ್ತಾಳೆಂದು ಗಂಡ ನಗುತ್ತಿದ್ದ.

ಒಂದು ಬೆಳಿಗ್ಗೆ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು ತಾವೇ ಚೆಕ್ಕು ಹಿಡಿದು ಬಂದರು. ಹೆಂಡತಿ ಆಸ್ಪತ್ರೆಯಲ್ಲಿದ್ದರು, ಹಣ ತುರ್ತಾಗಿ ಬೇಕಿತ್ತು. ಸಹಿ ನೋಡಿದರೆ ಕಾಗೆ ಕಾಲು, ಗುಬ್ಬಿ ಕಾಲು.

“ಸಹಿ ಹೊಂದ್ತಿಲ್ಲ ಸಾರ್.”

“ನಾನೇ ಎದುರಿಗೆ ನಿಂತಿದೀನಲ್ಲಮ್ಮ!”

“ಅದು ಸರಿ. ಆದ್ರೆ ಹೋದ ವಾರದ ಚೆಕ್ಕಲ್ಲೂ ನಿಮ್ಮ ಸಹಿ ಮುತ್ತು ಪೋಣಿಸಿದ ಹಾಗಿತ್ತು.”

ಮುದುಕರು ನಡುಗುವ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದರು. “ಹೋದ ವಾರ ನಾನು ಚೆಕ್ಕೇ ಬರೆದಿಲ್ವಲ್ಲ. ಕೈ ಹೀಗಾದ್ಮೇಲೆ ಇದೇ ಮೊದಲ್ನೇದು.”

ಅವಳು ಅಲ್ಲೇ ಅವರ ಖಾತೆ ತೆರೆದು ನೋಡಿದಳು. ತಳ ಕಂಡಿತ್ತು.

ಅವರ ಸಹಿ ಹಾಕಿ ಚೆಕ್ಕು ಬರೆದವನು ಅವರ ಗುಮಾಸ್ತ, ಮನೆಮಗನಂತೆ ಬೆಳೆದವನು. ಬ್ಯಾಂಕು ಕಳಿಸುತ್ತಿದ್ದ ಲೆಕ್ಕವೂ ಅವನ ಕೈಗೇ ಸೇರುತ್ತಿತ್ತು. ಅಂದು ಮಧ್ಯಾಹ್ನವೇ ಅವನು ನಾಪತ್ತೆಯಾದ. ಮತ್ತೆ ಸಿಗಲಿಲ್ಲ. ಯಜಮಾನರ ಹೆಂಡತಿಯೂ ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.

ವಿಷಯ ಕೋರ್ಟಿಗೆ ಹೋಯಿತು. ನಂಬಿ ಕೆಟ್ಟವರು ಯಜಮಾನರು, ನಷ್ಟವೂ ಅವರದೇ ಎಂದಿತು ಬ್ಯಾಂಕು. ಬ್ಯಾಂಕಿನ ವಕೀಲ ತಾರೀಖು ಮುಚ್ಚಿ, ಸಾಕ್ಷಿಗೆ ನಿಂತ ಅವಳ ಮುಂದೆ ಎರಡು ಚೆಕ್ಕು ಇಟ್ಟ. ಒಂದು ಕೈ ನಡುಗುವ ಮೊದಲು ಯಜಮಾನರು ಬರೆದದ್ದು, ಇನ್ನೊಂದು ಗುಮಾಸ್ತನದು.

“ಅಸಲಿ ಯಾವುದು?”

ಅವಳು ತಡಮಾಡದೆ ಬೆರಳಿಟ್ಟಳು. ಗುಮಾಸ್ತನದರ ಮೇಲೆ.

ವಕೀಲನ ಮುಖ ಅರಳಿತು. “ನೋಡಿ ಸ್ವಾಮಿ, ಇಂಥವರೇ ಮೋಸಹೋದರೆ ಬ್ಯಾಂಕಿನ ತಪ್ಪೇನು?”

ನ್ಯಾಯಾಧೀಶರು ಒಪ್ಪಲಿಲ್ಲ. “ಎಷ್ಟೇ ಚೆನ್ನಾಗಿರಲಿ, ಖೋಟಾ ಸಹಿ ಖಾತೆದಾರರ ಅಪ್ಪಣೆಯಲ್ಲ. ಅವರು ಹೇಳದೆ ಕೊಟ್ಟ ಹಣ ಬ್ಯಾಂಕಿನದೇ. ತುಂಬಿಕೊಡಿ.”

ಅವಳನ್ನು ಯಾರೂ ಬೈಯಲಿಲ್ಲ. ಆದರೂ ಒಂದು ಭಾನುವಾರ ಯಜಮಾನರ ಮನೆಗೆ ಹೋದಳು. ಬಾಯಿ ತೆರೆಯುವ ಮೊದಲೇ ಅವರು ಕೈಯಾಡಿಸಿದರು.

“ನೊಂದ್ಕೋಬೇಡಿ ತಾಯಿ. ಕೋರ್ಟಲ್ಲಿ ನಂಗೂ ಆ ಎರಡು ಚೆಕ್ಕು ತೋರಿಸಿದ್ರು. ಮನಸ್ಸಲ್ಲೇ ನಾನೂ ಅವನು ಬರ್ದಿದ್ದನ್ನೇ ಆರಿಸ್ದೆ.” ಬಾಗಿಲ ಕಡೆ ನೋಡಿದರು. “ಎಲ್ಲಿದಾನೋ. ಈಗ್ಲೂ ಕೂತು ನನ್ನ ಹೆಸರು ಬರೀತಿದಾನೇನೋ.”

ಮುಂದೆ ಅವಳು ಮ್ಯಾನೇಜರನ್ನು ಕೇಳಿಕೊಂಡು, ಸಹಿ ನೋಡುವ ಕೆಲಸ ಬಿಟ್ಟು ಬೇರೆ ಕೌಂಟರಿಗೆ ಹೋದಳು. ಆದರೂ ಹಾಜರಿ ಹಾಕುವಾಗ ಪೆನ್ನು ನಿಲ್ಲುತ್ತದೆ, ನಿನ್ನೆಯ ತನ್ನ ಸಹಿಯನ್ನೇ ದಿಟ್ಟಿಸುತ್ತಾಳೆ.

“ಏನಕ್ಕ, ಹೆಸರೇ ಮರೆತುಹೋಯ್ತಾ?” ಒಂದು ದಿನ ಪಕ್ಕದ ಕ್ಯಾಶಿಯರ್ ರೇಗಿಸಿದ.

“ಇಲ್ಲಪ್ಪ. ನಾನೇ ಬರೆದಿದ್ದಾ ಅಂತ ನೋಡ್ತಿದೀನಿ.”

ಅವನು ನಕ್ಕ. ಅವಳು ನಗಲಿಲ್ಲ.